ಪುಟ್ಟಿ ಬೇಡ, ತಗಡೇ ಹಾಕಿ

ಹಳೆಯ ಕಾರು ನೋಡಲು ಹೋಗುವವರು ಒಂದು ಅಯಸ್ಕಾಂತದ ಚೂರು, ಒಂದು ಉದ್ದನೆಯ ಸ್ಕ್ರೂಡ್ರೈವರ್, ನೆಲಕ್ಕೆ ಹಾಸಲು ಒಂದು ಗೋಣಿಚೀಲ ಜೊತೆಗಿಟ್ಟುಕೊಳ್ಳಬೇಕು. ಬಣ್ಣವನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಅಯಸ್ಕಾಂತ ಕಚ್ಚದ ಜಾಗದಲ್ಲಿ ತಗಡಿಲ್ಲ, ಪುಟ್ಟಿ ಇದೆ. ಗೋಣಿಚೀಲದ ಮೇಲೆ ಅಂಗಾತ ಮಲಗಿ, ಕಾರಿನಡಿಗೆ ಜಾರಿ, ಚಾಸಿಯ ಮೂಲೆಮೂಲೆಗೂ ಸ್ಕ್ರೂಡ್ರೈವರ್ ಒತ್ತಿದರೆ ಅದು ಟಣ್ ಎನ್ನಬೇಕು. ಸದ್ದಿಲ್ಲದೆ ಒಳಕ್ಕಿಳಿದರೆ, ಮುಂದಿನ ಕೆಲವು ವರ್ಷಗಳ ಭಾನುವಾರಗಳು ಎಲ್ಲಿ ಕಳೆಯುತ್ತವೆ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಕೆ.ಆರ್. ಪುರದಲ್ಲಿ ಸೋದರಮಾವನ ಮನೆಯ ಹಿಂದೆ ಶೀಟಿನ ಮಾಡಿನಡಿ ನಿಂತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡಿನಲ್ಲಿ ಸ್ಕ್ರೂಡ್ರೈವರ್ ಹಲವು ಕಡೆ ಒಳಕ್ಕಿಳಿಯಿತು. ಡಿಕ್ಕಿಯ ತಳ, ಬ್ಯಾಟರಿ ಕೂರುವ ತಟ್ಟೆ, ಎರಡೂ ಬಾಗಿಲುಗಳ ಕೆಳಅಂಚು, ಚಾಸಿಯಿಂದ ಎಡಬಲಕ್ಕೆ ಚಾಚಿದ ಕೈಗಳು ಎಲ್ಲವೂ ಹೋಗಿದ್ದವು. ಆದರೆ ಮುಂದಿನಿಂದ ಹಿಂದಕ್ಕೆ ಓಡುವ ಎರಡು ಮುಖ್ಯ ಕಂಬಿಗಳು ಗಟ್ಟಿಯಾಗಿ ಟಣ್ ಎಂದವು. ಹೆರಾಲ್ಡ್ ಬಲ್ಲವರಿಗೆ ಅಷ್ಟು ಸಾಕು. ಮಿಕ್ಕಿದ್ದೆಲ್ಲ ಬಿಚ್ಚಿ ಹೊಸದಾಗಿ ಮಾಡಬಹುದಾದದ್ದು.

ಮಾವ ದೂರವಾಣಿನಗರದ ಐಟಿಐನಲ್ಲಿ ಕೆಲಸಕ್ಕಿದ್ದವರು. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ ಶುರುವಾದ ಆ ಟೆಲಿಫೋನ್ ಕಾರ್ಖಾನೆ, ಇತ್ತ ಎಚ್‌ಎಎಲ್, ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಸೇರಿ ಬೆಂಗಳೂರಿನ ಪೂರ್ವ ಭಾಗಕ್ಕೆ ಒಂದು ಸ್ವಭಾವ ಕೊಟ್ಟವು. ಇಲ್ಲಿನ ಮನೆಗಳಲ್ಲಿ ಮೈಕ್ರೋಮೀಟರ್ ಹಿಡಿಯಬಲ್ಲವರು ಇದ್ದರು. ಸ್ಕೂಟರಿನ ಕಾರ್ಬುರೇಟರ್ ಅನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿ ಜೋಡಿಸುವುದು ಸಾಮಾನ್ಯ ಸಂಗತಿಯಾಗಿತ್ತು. ಹಳೆಯ ಕಾರನ್ನು ಕೈಯಾರೆ ಸರಿಮಾಡುವ ಹವ್ಯಾಸ ಈ ಭಾಗದಲ್ಲಿ ಬೇರೂರಿದ್ದಕ್ಕೆ ಶ್ರೀಮಂತಿಕೆಗಿಂತ ಇದೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ಅರಮನೆಗಳ ರೋಲ್ಸ್ ರಾಯ್ಸ್‌ಗಳ ಕಥೆಯೇ ಬೇರೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟ ಹಳೆಯ ಕಾರುಗಳನ್ನು ನೋಡಿದರೆ ಆ ಲೋಕದ ಹರವು ತಿಳಿಯುತ್ತದೆ. ನಾನು ಹೇಳಹೊರಟಿರುವುದು ಸಂಬಳದ ಮನೆಗಳ ಕಾರಿನ ಮಾತು. ಫಿಯೆಟ್, ಅಂಬಾಸಿಡರ್, ಹೆರಾಲ್ಡ್: ನಮ್ಮ ಹಿರಿಯರ ಕಾಲಕ್ಕೆ ಇದ್ದದ್ದು ಹೆಚ್ಚುಕಡಿಮೆ ಈ ಮೂರೇ.

ಮೂರರಲ್ಲಿ ಹೆರಾಲ್ಡಿನ ಹುಟ್ಟು ವಿಚಿತ್ರವಾದದ್ದು. ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಟ್ರಯಂಫ್ ಕಂಪನಿಗೆ ಬಾಡಿ ಒತ್ತಿ ಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಕಾರ್ಖಾನೆಯನ್ನು 1953ರಲ್ಲಿ ಎದುರಾಳಿ ಬಿಎಂಸಿ ಕೊಂಡುಬಿಟ್ಟಿತು. ಇಡೀ ಬಾಡಿಯನ್ನು ಒಂದೇ ಕಡೆ ಮಾಡಿಸುವ ದಾರಿ ಮುಚ್ಚಿದಾಗ, ಬೇರೆಬೇರೆ ಸಣ್ಣ ಕಾರ್ಖಾನೆಗಳಲ್ಲಿ ಬಿಡಿಬಿಡಿಯಾಗಿ ಮಾಡಿಸಿ ಬೋಲ್ಟು ಹಾಕಿ ಕೂಡಿಸುವ ಕಾರನ್ನು ಯೋಚಿಸಿದರು. ಕೆಳಗೆ ಪ್ರತ್ಯೇಕ ಚಾಸಿ, ಮೇಲೆ ಮುಂಭಾಗದ ಒಂದು ತೊಟ್ಟಿ, ಹಿಂಭಾಗದ ಇನ್ನೊಂದು ತೊಟ್ಟಿ. ಅದರ ಮೇಲೆ ಬಿಚ್ಚಿ ತೆಗೆಯಬಹುದಾದ ಛಾವಣಿ. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ಅದಕ್ಕೆ ರೂಪ ಕೊಟ್ಟ. 1959ರಲ್ಲಿ ಟ್ರಯಂಫ್ ಹೆರಾಲ್ಡ್ ರಸ್ತೆಗಿಳಿಯಿತು. ಬಾನೆಟ್ ಎತ್ತಿದರೆ ಎರಡೂ ಮಡ್‌ಗಾರ್ಡುಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ. ಮುಂದಿನ ಚಕ್ರದ ಮೇಲೆ ಕುಳಿತು ಇಂಜಿನ್ ಕೆಲಸ ಮಾಡಬಹುದಾದ ಕಾರುಗಳು ಜಗತ್ತಿನಲ್ಲಿ ಹೆಚ್ಚಿಲ್ಲ.

ಬಿಡಿಭಾಗಗಳಾಗಿ ಹಡಗೇರಿ ಬೇರೆ ದೇಶದಲ್ಲಿ ಜೋಡಣೆಗೊಳ್ಳಲು ಹೇಳಿಮಾಡಿಸಿದಂತಿದ್ದ ಈ ಕಾರು 1961ರಲ್ಲಿ ಮದ್ರಾಸಿಗೆ ಬಂತು. ಅಲ್ಲಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಇದನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದು ಮಾರಿತು. ಇಂಜಿನ್ 948 ಸಿಸಿ. ಮುಂದೆ ಬಂದ ನಾಲ್ಕು ಬಾಗಿಲಿನ ಹೆರಾಲ್ಡ್ ಅಪ್ಪಟ ಭಾರತದ್ದು; ಇಂಗ್ಲೆಂಡಿನಲ್ಲಿ ಅಂಥದ್ದು ತಯಾರಾಗಲೇ ಇಲ್ಲ. 1970ರ ದಶಕದಲ್ಲಿ ಅದರ ಜಾಗಕ್ಕೆ ಅದೇ ಕಂಪನಿಯ ಗೆಝೆಲ್ ಬಂದು, ಅದೂ ಆ ದಶಕ ಮುಗಿಯುವ ಮುನ್ನ ನಿಂತಿತು. ಮದ್ರಾಸಿನಿಂದ ಬೆಂಗಳೂರಿಗೆ ಬರುವ ಹಳೆಯ ಮದ್ರಾಸ್ ರಸ್ತೆ ಹೊಸಕೋಟೆ, ಕೆ.ಆರ್. ಪುರ, ಟಿನ್ ಫ್ಯಾಕ್ಟರಿ ದಾಟಿ ಹಲಸೂರಿಗೆ ತಲುಪುತ್ತದೆ. ದಂಡು ಪ್ರದೇಶಕ್ಕೆ ಹೆರಾಲ್ಡ್ ಹತ್ತಿರದ ಊರಿನ ಕಾರಾಗಿತ್ತು, ಬಿಡಿಭಾಗ ಬೇಕೆಂದರೆ ಒಂದು ರಾತ್ರಿಯ ರೈಲಿನ ದೂರ.

ಇನ್ನೊಂದು ಅನುಕೂಲವೂ ಬೆಂಗಳೂರಿಗಿತ್ತು. ಮದ್ರಾಸಿನ, ಮುಂಬೈಯ ಉಪ್ಪುಗಾಳಿ ಇಲ್ಲಿಲ್ಲ. ಹಾಗಾಗಿ ಬೆಂಗಳೂರಿನಲ್ಲೇ ಬದುಕಿದ ಕಾರಿಗೆ ಹವ್ಯಾಸಿಗಳ ನಡುವೆ ಇವತ್ತಿಗೂ ಒಂದು ಬೆಲೆ ಹೆಚ್ಚು. ಹಾಗೆಂದು ಇಲ್ಲಿ ತುಕ್ಕು ಹಿಡಿಯುವುದಿಲ್ಲ ಎಂದಲ್ಲ. ನಮ್ಮಲ್ಲಿ ಅದು ಬೇರೆ ದಾರಿಯಿಂದ ಬರುತ್ತದೆ. ಕಾರಿನ ಬಾಗಿಲಿನ ತಳದಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಹೊಂಗೆಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆ, ಹೂ, ದೂಳು ಸೇರಿ ಆ ತೂತು ಕಟ್ಟಿಕೊಳ್ಳುತ್ತದೆ. ಗಾಜಿನ ಸಂದಿಯಿಂದ ಇಳಿದ ಮಳೆನೀರು ಅಲ್ಲೇ ನಿಲ್ಲುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತ ಬೆಸುಗೆಯ ಸಾಲಿನಲ್ಲಂತೂ ಅದು ಆರುವುದೇ ಇಲ್ಲ. ಗಾಳಿಯಾಡುವ ಕಡೆಗಿಂತ ಗಾಳಿ ಸಿಗದ ಇಂಥ ಸಂದಿಗಳಲ್ಲೇ ಕಬ್ಬಿಣ ಹೆಚ್ಚು ಸವೆಯುತ್ತದೆ. ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಅದು ಊದಿಕೊಂಡಂತೆ ತಗಡುಗಳು ಒಂದರಿಂದೊಂದು ದೂರ ಸರಿಯುತ್ತವೆ, ಸಂದಿ ದೊಡ್ಡದಾಗಿ ಇನ್ನಷ್ಟು ನೀರು ನುಗ್ಗುತ್ತದೆ. ಹೊರಗಿನ ಬಣ್ಣದ ಮೇಲೆ ಒಂದು ಸಣ್ಣ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗೆ ಅಂಗೈಯಗಲ ತಗಡು ಮಾಯವಾಗಿರುತ್ತದೆ.

ಹೆರಾಲ್ಡ್ ಬಿಚ್ಚುವುದು ಸುಲಭ, ಬಿಚ್ಚುವ ಮೊದಲು ಮಾಡಬೇಕಾದದ್ದು ಮುಖ್ಯ. ಬಾಗಿಲಿನ ಜಾಗ ತೆರೆದಿರುವಾಗ ತೊಟ್ಟಿಗೆ ಬಲವಿರುವುದಿಲ್ಲ. ಹಾಗೇ ಎತ್ತಿದರೆ ಅದು ನಡು ಮುರಿದಂತೆ ಬಾಗುತ್ತದೆ, ಆಮೇಲೆ ಯಾವ ಬಾಗಿಲೂ ಕೂರುವುದಿಲ್ಲ. ಆದ್ದರಿಂದ ಬಾಗಿಲಿನ ಚೌಕಟ್ಟಿಗೆ ಅಡ್ಡಡ್ಡ ಕಬ್ಬಿಣದ ಪಟ್ಟಿ ಬೆಸೆದು ಆಕಾರವನ್ನು ಬಿಗಿಯಬೇಕು. ಬಾಡಿಗೂ ಚಾಸಿಗೂ ನಡುವೆ ಎಲ್ಲೆಲ್ಲಿ ಎಷ್ಟು ದಪ್ಪದ ಪ್ಯಾಕಿಂಗ್ ಇತ್ತೆಂದು ಬರೆದಿಡಬೇಕು. ಬಾಗಿಲ ಸಂದಿಗಳ ಅಳತೆ ತೆಗೆದಿಡಬೇಕು. ತೆಗೆದ ಪ್ರತಿ ನಟ್ಟು ಬೋಲ್ಟು ಹೆಸರು ಬರೆದ ಡಬ್ಬಿಗೆ ಹೋಗಬೇಕು. ಫಿಯೆಟ್ಟಿಗೆ ಮಿಲಿಮೀಟರಿನ ಪಾನಾ ಸಾಕು. ಹೆರಾಲ್ಡಿಗೆ ಇಂಚಿನ ಪಾನಾಗಳೇ ಬೇಕು. ಮಿಲಿಮೀಟರಿನದ್ದನ್ನು ಬಲವಂತವಾಗಿ ಹಾಕಿದರೆ ಬೋಲ್ಟಿನ ತಲೆ ಉರುಟಾಗುತ್ತದೆ. ತುಕ್ಕು ಹಿಡಿದ ಬೋಲ್ಟನ್ನು ಕಾಯಿಸಿ, ಎಣ್ಣೆ ಕುಡಿಸಿ, ಒಂದು ರಾತ್ರಿ ಬಿಟ್ಟು, ಸ್ವಲ್ಪ ಬಿಗಿಮಾಡಿ ಆಮೇಲೆ ಸಡಿಲಿಸಬೇಕು. ಹೀಗೆ ಮಾಡಿದರೆ ಮುರಿಯುವ ಬೋಲ್ಟುಗಳಲ್ಲಿ ಮುಕ್ಕಾಲು ಪಾಲು ಉಳಿಯುತ್ತವೆ.

ಸಣ್ಣ ಭಾಗಗಳ ತುಕ್ಕು ತೆಗೆಯಲು ಜಗತ್ತಿನ ಹವ್ಯಾಸಿಗಳೆಲ್ಲ ಬಳಸುವ ಒಂದು ಉಪಾಯ ನಮ್ಮ ನಾಡಿಗೆ ತೀರ ಹತ್ತಿರದ್ದು. ಅದು ಕಾಕಂಬಿ, ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಆ ಕಪ್ಪು ಪಾಕ. ಒಂದು ಪಾಲು ಕಾಕಂಬಿಗೆ ಸುಮಾರು ಹತ್ತು ಪಾಲು ನೀರು ಬೆರೆಸಿ, ಹಿಂಜು, ಬ್ರಾಕೆಟ್, ಸ್ಪ್ರಿಂಗಿನ ತಟ್ಟೆಗಳನ್ನು ಒಂದೆರಡು ವಾರ ಮುಳುಗಿಸಿಟ್ಟರೆ ತುಕ್ಕು ಕರಗಿ ಬೂದುಬಣ್ಣದ ಬರಿಗಬ್ಬಿಣ ಹೊರಬರುತ್ತದೆ. ಕಾಕಂಬಿ ತುಕ್ಕನ್ನು ಹಿಡಿಯುತ್ತದೆ, ಒಳ್ಳೆಯ ಕಬ್ಬಿಣವನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ. ಅಲ್ಯೂಮಿನಿಯಂ ತುಂಡನ್ನು ಮಾತ್ರ ಅದರಲ್ಲಿ ಹಾಕಬಾರದು. ವಾಸನೆ ಅಸಾಧ್ಯ, ನೊಣ ಮುತ್ತುತ್ತದೆ. ಆದರೂ ಆಸಿಡ್ಡಿಗಿಂತ ಇದು ಸಾವಿರ ಪಾಲು ಸುರಕ್ಷಿತ. ಅವಸರವಿದ್ದವರು ವಾಷಿಂಗ್ ಸೋಡಾ ಕಲಸಿದ ನೀರಿಗೆ ಬ್ಯಾಟರಿ ಚಾರ್ಜರಿನಿಂದ ವಿದ್ಯುತ್ ಹಾಯಿಸಿ ತುಕ್ಕು ಬಿಡಿಸುತ್ತಾರೆ. ಅದರಲ್ಲಿ ಎರಡು ಎಚ್ಚರಿಕೆ ಬೇಕು. ಜಲಜನಕ ಹೊಮ್ಮುವುದರಿಂದ ಬಯಲಲ್ಲೇ ಮಾಡಬೇಕು. ಇನ್ನೊಂದು ತುದಿಗೆ ಸ್ಟೀಲಿನ ಪಾತ್ರೆ, ಚಮಚ ಕಟ್ಟಲೇಬಾರದು, ಅದರಿಂದ ಕ್ರೋಮಿಯಂ ವಿಷ ನೀರಿಗಿಳಿಯುತ್ತದೆ. ಸಾದಾ ಕಬ್ಬಿಣದ ತುಂಡನ್ನೇ ಕಟ್ಟಬೇಕು.

ಚಾಸಿ ಮತ್ತು ಬಾಡಿಯ ಕೆಲಸ ಮಾತ್ರ ಮನೆಯಂಗಳದಲ್ಲಿ ಆಗುವಂಥದ್ದಲ್ಲ. ಅದಕ್ಕೆ ಶಿವಾಜಿನಗರಕ್ಕೇ ಹೋಗಬೇಕು.

ರಸೆಲ್ ಮಾರ್ಕೆಟ್ಟಿನಿಂದ ಬಸ್ ನಿಲ್ದಾಣದ ಹಿಂಬದಿಗೆ ಹರಡಿದ ಗಲ್ಲಿಗಳಲ್ಲಿ ಗುಜರಿ ಅಂಗಡಿ, ಟಿಂಕರ್ ಶೆಡ್ಡು, ಸೀಟು ಹೊಲಿಯುವವರು, ರೇಡಿಯೇಟರ್ ಬೆಸೆಯುವವರು ಒಬ್ಬರ ಭುಜಕ್ಕೊಬ್ಬರು ತಾಗಿಕೊಂಡಿದ್ದಾರೆ. ಹೊಸ ಬಿಡಿಭಾಗಕ್ಕೆ ಬೆಂಗಳೂರಿಗರು ಜೆ.ಸಿ. ರಸ್ತೆಗೆ ಹೋಗುತ್ತಾರೆ. ಯಾರೂ ತಯಾರಿಸದ ಬಿಡಿಭಾಗ ಬೇಕಾದವರು ಇಲ್ಲಿಗೆ ಬರುತ್ತಾರೆ. ದಖನಿ ಉರ್ದು, ತಮಿಳು, ಕನ್ನಡ ಮೂರೂ ಒಂದೇ ವಾಕ್ಯದಲ್ಲಿ ಬೆರೆಯುವ ಈ ಗಲ್ಲಿಗಳಲ್ಲಿ ಬೇಕಾದ ವಸ್ತುವನ್ನು ಬಾಯಲ್ಲಿ ಹೇಳುವುದಕ್ಕಿಂತ ಹಳೆಯ ತುಂಡನ್ನೇ ಕೈಯಲ್ಲಿ ಹಿಡಿದು ಹೋಗುವುದು ಲೇಸು. ಅಂಗಡಿಯವರು ಅದನ್ನು ತಿರುಗಿಸಿ ನೋಡಿ, ತೂಕ ಅಂದಾಜು ಮಾಡಿ, ಇಲ್ಲ ಎನ್ನುವುದಕ್ಕಿಂತ ಹೆಚ್ಚಾಗಿ ಯಾರ ಹತ್ತಿರ ಇರಬಹುದು ಎಂದು ಹೇಳುತ್ತಾರೆ. ಹೀಗೆ ಒಂದು ಅಂಗಡಿ ಇನ್ನೊಂದಕ್ಕೆ ಕಳಿಸಿ, ಅದು ಮತ್ತೊಂದಕ್ಕೆ ಕಳಿಸಿ, ಕೊನೆಗೆ ಯಾರದೋ ಅಟ್ಟದ ಮೇಲಿನ ಗೋಣಿಚೀಲದಿಂದ ಹೆರಾಲ್ಡಿನ ಟೇಲ್‌ಲ್ಯಾಂಪು ಇಳಿದುಬರುತ್ತದೆ.

ಆದರೆ ಆ ಅಟ್ಟಗಳು ಬರಿದಾಗುತ್ತಿವೆ. ಪ್ರೀಮಿಯರ್ ಪದ್ಮಿನಿ ಈ ಶತಮಾನ ಹುಟ್ಟುವ ಹೊತ್ತಿಗೆ ನಿಂತಿತು, ಅಂಬಾಸಿಡರ್ 2014ರಲ್ಲಿ ನಿಂತಿತು. ಗುಜರಿಗೆ ಈಗ ಬಂದು ಬೀಳುವುದು ಮಾರುತಿ, ಸ್ಯಾಂಟ್ರೋಗಳು. ಹಳೆಯದನ್ನು ಗುರುತು ಹಿಡಿಯಬಲ್ಲ ಕಣ್ಣುಗಳೂ ಮುಪ್ಪಾಗಿವೆ. ನಮ್ಮ ಹೆರಾಲ್ಡಿನ ಬಾಗಿಲನ್ನು ಮೊದಲ ಸಲ ನೋಡಿದ ಟಿಂಕರ್ ಭಾಯ್ ಬೆರಳಿನ ಗಿಣ್ಣಿನಿಂದ ಮೇಲಿಂದ ಕೆಳಕ್ಕೆ ತಟ್ಟುತ್ತಾ ಬಂದರು. ಸದ್ದು ಬದಲಾದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು.

‘ಮೇಡಂ, ಇಲ್ಲಿಂದ ಮೇಲೆ ತಗಡು. ಇಲ್ಲಿಂದ ಕೆಳಗೆ ಬರೀ ಬಣ್ಣ ನಿಂತೈತೆ.’

ಏನು ಮಾಡಬಹುದು ಎಂದು ಕೇಳಿದೆ.

‘ಎರಡು ಥರ ಐತೆ. ಪುಟ್ಟಿ ಎಳೆದು ಬಣ್ಣ ಹೊಡೆದರೆ ಮುಂದಿನ ವಾರ ತಗೊಂಡು ಹೋಗಿ, ಎರಡು ಮಳೆಗಾಲ ಚೆನ್ನಾಗಿ ಕಾಣ್ತದೆ. ಕೊಯ್ದು ತಗಡು ಹಾಕಿದರೆ ನಾನು ಹೇಳಿದಾಗ ಬನ್ನಿ, ನಿಮ್ಮ ಮಕ್ಕಳ ಕಾಲಕ್ಕೂ ಇರ್ತದೆ. ನನ್ನನ್ನ ಕೇಳಿದ್ರೆ ಪುಟ್ಟಿ ಬೇಡ, ತಗಡೇ ಹಾಕಿ.’

ಈ ಹವ್ಯಾಸದ ಬಗ್ಗೆ ನನಗೆ ಹೇಳಬೇಕಿರುವುದೆಲ್ಲ ಅವರ ಆ ಮಾತಿನಲ್ಲಿದೆ. ಹಳೆಯ ಕಾರಿಗೆ ಹೊಳಪು ಕೊಡುವುದು ದುಡ್ಡಿನ ಕೆಲಸ. ಅದು ವಾರದಲ್ಲಿ ಮುಗಿಯುತ್ತದೆ, ಮದುವೆ ಮೆರವಣಿಗೆಗೆ ಬಾಡಿಗೆಗೂ ಹೋಗುತ್ತದೆ. ಆ ಹೊಳಪಿನ ಕೆಳಗೆ ತುಕ್ಕು ತನ್ನ ಪಾಡಿಗೆ ತಿನ್ನುತ್ತಲೇ ಇರುತ್ತದೆ. ನಿಜವಾದ ಕೆಲಸ ಗಟ್ಟಿ ಕಬ್ಬಿಣ ಸಿಗುವವರೆಗೂ ಕೊಯ್ಯುವುದು, ಅಲ್ಲಿಂದ ಹೊಸದನ್ನು ಬೆಸೆಯುವುದು. ಅದಕ್ಕೆ ವರ್ಷಗಳು ಹಿಡಿಯುತ್ತವೆ, ಹಿಡಿಯಲೇಬೇಕು.

ಆ ಕೆಲಸವನ್ನು ನೋಡುವುದೇ ಒಂದು ಪಾಠ. ಇಪ್ಪತ್ತು ಗೇಜಿನ ತಗಡು, ಅಂದರೆ ಮಿಲಿಮೀಟರಿಗಿಂತ ತುಸು ತೆಳು. ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿ ಬಾಗಿಲಿಗೆ ಹಿಡಿದು ನೋಡುತ್ತಾರೆ. ಅದೇ ಅಳತೆಗೆ ತಗಡು ಕೊಯ್ದು, ಮರಳಿನ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಬಡಿದು ಉಬ್ಬು ತರುತ್ತಾರೆ. ಅಂಚು ಮಡಿಸಲು ಹಳೆಯ ರೈಲು ಕಂಬಿಯ ತುಂಡೇ ಅಡಿಗಲ್ಲು. ಗ್ಯಾಸ್ ಬೆಸುಗೆಯ ಬಿಸಿಗೆ ತೆಳು ತಗಡು ಅಲೆಅಲೆಯಾಗಿ ಏಳುತ್ತದೆ. ಆದ್ದರಿಂದ ಒಂದೇ ಸಾಲಾಗಿ ಬೆಸೆಯದೆ ಇಲ್ಲೊಂದು ಚುಕ್ಕೆ, ದೂರದಲ್ಲಿ ಇನ್ನೊಂದು ಚುಕ್ಕೆ ಹಾಕುತ್ತಾ, ನಡುನಡುವೆ ಒದ್ದೆ ಬಟ್ಟೆಯಿಂದ ತಣಿಸುತ್ತಾ ಹೋಗುತ್ತಾರೆ. ಆಮೇಲೆ ಒಳಗಿನಿಂದ ಡಾಲಿ ಎಂಬ ಉಕ್ಕಿನ ಗಟ್ಟಿಯನ್ನು ಒತ್ತಿಹಿಡಿದು ಹೊರಗಿನಿಂದ ಸುತ್ತಿಗೆಯ ತಟ್ಟು. ಕೊನೆಯ ಪರೀಕ್ಷೆ ಕಣ್ಣಿನದಲ್ಲ. ಭಾಯ್ ಕಣ್ಣು ಬೇರೆ ಕಡೆ ತಿರುಗಿಸಿ, ತೆಳುಬಟ್ಟೆಯ ಮೇಲಿಂದ ಅಂಗೈಯನ್ನು ಬಾಗಿಲಿನುದ್ದಕ್ಕೂ ಸವರುತ್ತಾರೆ. ಕಣ್ಣಿಗೆ ಕಾಣದ ತಗ್ಗು ಕೈಗೆ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಹೆರಾಲ್ಡಿನ ಚಾಸಿಯ ಕೈಗಳು, ಬಾಗಿಲಿನ ತಳದ ತಗಡು ಅಂಚೆಯಲ್ಲಿ ತರಿಸಬಹುದಾದ ಸಿದ್ಧವಸ್ತುಗಳು. ಅಲ್ಲಿನ ಹವ್ಯಾಸಿಗಳ ಸಂಘಗಳು ಹಲವು ದಶಕಗಳಿಂದ ಅವನ್ನು ಮಾಡಿಸುತ್ತಾ ಬಂದಿವೆ. ನಮಗೆ ಅಂಥ ಅನುಕೂಲವಿಲ್ಲ, ಹಾಗಾಗಿ ಬಾಗಿಲಿನ ತಗಡನ್ನೇ ಹುಟ್ಟಿಸಬಲ್ಲ ಕೈ ನಮ್ಮಲ್ಲಿ ಉಳಿದಿದೆ. ಅದು ಉಳಿದಿರುವಾಗಲೇ ಕೆಲಸ ಕೊಡಬೇಕು, ತಕ್ಕ ಕೂಲಿ ಕೊಡಬೇಕು, ಚೌಕಾಸಿ ಮಾಡಬಾರದು. ಹೊಸ ಕಾರಿನ ಬಂಪರ್ ಬದಲಿಸುವ ಕೆಲಸದಲ್ಲಿ ದಿನಕ್ಕೆ ಹೆಚ್ಚು ಸಂಪಾದನೆ ಇರುವಾಗ, ಭಾಯ್ ಅಂಥವರು ನಮ್ಮ ಬಾಗಿಲಿಗೆ ಕೊಡುವ ಮಧ್ಯಾಹ್ನಗಳಿಗೆ ಬೆಲೆ ಕಟ್ಟುವುದು ಕಷ್ಟ.

ಹಲಸೂರಿನ ಲೇತ್ ಅಂಗಡಿಯದು ಇದೇ ಜಾತಿಯ ಇನ್ನೊಂದು ವಿದ್ಯೆ. ಹೆರಾಲ್ಡಿನ ಮುಂದಿನ ಚಕ್ರವನ್ನು ಹಿಡಿದಿರುವ ಉಕ್ಕಿನ ಕಂಬ ಕೆಳತುದಿಯಲ್ಲಿ ಒಂದು ಕಂಚಿನ ಗಡ್ಡೆಯೊಳಗೆ ಮರೆ ತಿರುಗಿ ಕೂರುತ್ತದೆ. ಅದಕ್ಕೆ ಟ್ರನಿಯನ್ ಎಂದು ಹೆಸರು. ಸ್ಟಿಯರಿಂಗ್ ತಿರುಗಿಸಿದಾಗೆಲ್ಲ ಉಕ್ಕಿನ ಮರೆ ಕಂಚಿನೊಳಗೆ ತಿರುಗುತ್ತದೆ. ಇದಕ್ಕೆ ಗೇರ್ ಎಣ್ಣೆ ಕುಡಿಸಬೇಕು, ಗ್ರೀಸ್ ತುಂಬಬಾರದು. ಗ್ರೀಸ್ ಗಟ್ಟಿಯಾಗಿ ದಾರಿ ಕಟ್ಟುತ್ತದೆ, ನೀರು ಇಳಿದು ಉಕ್ಕನ್ನು ತಿನ್ನುತ್ತದೆ, ಒಂದು ದಿನ ತಿರುವಿನಲ್ಲಿ ಕಂಬ ಕತ್ತರಿಸಿ ಚಕ್ರ ಮಡಚಿಕೊಳ್ಳುತ್ತದೆ. ಹೆರಾಲ್ಡ್ ನಂಬಿಕಸ್ಥ ಕಾರಲ್ಲ ಎಂಬ ಹಳೆಯ ಅಪವಾದದಲ್ಲಿ ಒಂದು ಪಾಲು ಈ ಗ್ರೀಸಿನದು. ಎಲ್ಲ ಕಾರಿಗೂ ಗ್ರೀಸ್ ಗನ್ ಹಿಡಿಯುವ ಸರ್ವೀಸ್ ಸ್ಟೇಷನ್ ರೂಢಿ ಇದನ್ನೂ ಬಿಡಲಿಲ್ಲ. ಎಡ ಚಕ್ರದ್ದು ಒಂದು ಕಡೆ ಸುತ್ತುವ ಮರೆಯಾದರೆ ಬಲದ್ದು ಅದಕ್ಕೆ ವಿರುದ್ಧ. ಸವೆದ ಹಳೆಯದನ್ನು ಮಾದರಿಯಾಗಿ ಕೊಟ್ಟಾಗ ಸೋಮೇಶ್ವರ ದೇವಸ್ಥಾನದ ಬಳಿಯ ಆ ಹಿರಿಯರು ಅದನ್ನು ಬೆಳಕಿಗೆ ಹಿಡಿದು, ಮರೆಯ ಅಳತೆಯ ಗೇಜು ಕೂರಿಸಿ, ಇಂಚಿನ ಲೆಕ್ಕದಲ್ಲೇ ಗೊಣಗಿಕೊಂಡು ಬರೆದಿಟ್ಟರು. ಕಂಚಿನ ದಿಂಡಿನಿಂದ ಕಡೆದು ಕೊಟ್ಟ ಹೊಸ ಜೋಡಿ ಬೆರಳಲ್ಲಿ ತಿರುಗಿಸಿದರೆ ತಡೆಯಿಲ್ಲದೆ, ಅಲುಗಾಟವೂ ಇಲ್ಲದೆ ಇಳಿಯುತ್ತದೆ. ಪಕ್ಕದಲ್ಲೇ ಮದ್ರಾಸ್ ಸ್ಯಾಪರ್ಸ್ ಕೇಂದ್ರವಿದ್ದ ಊರಿನಲ್ಲಿ ಯಂತ್ರದ ಕೆಲಸ ಹೀಗೆ ಬೆಳೆದದ್ದು ಸಹಜವೇ.

ಇಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೋರ್ ಮಾಡಿಸಿ ಪಿಸ್ಟನ್ ಹಾಕುವುದು ತಿಳಿದ ಕೆಲಸ. ಪೆಟ್ರೋಲಿನ ಮಾತು ಮಾತ್ರ ಹೇಳಲೇಬೇಕು. ಹಳೆಯ ಇಂಜಿನ್ನುಗಳ ವಾಲ್ವ್ ಕೂರುವ ಜಾಗಕ್ಕೆ ಪೆಟ್ರೋಲಿನಲ್ಲಿದ್ದ ಸೀಸ ಒಂದು ರಕ್ಷಣೆಯಾಗಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ. ಹೆಡ್ ಇಳಿಸಿದಾಗಲೇ ಗಟ್ಟಿ ಉಕ್ಕಿನ ಸೀಟು ಕೂರಿಸಿಬಿಟ್ಟರೆ ಆ ಚಿಂತೆ ತೀರಿತು. ಈಗಿನ ಚಿಂತೆ ಎಥೆನಾಲ್. ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಅದರ ಪಾಲು ಶೇಕಡಾ 20ಕ್ಕೆ ಮುಟ್ಟಿದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನಿಂತ ಕಾರಿನ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ ಮೆತ್ತಗಾಗಿ ಸೀಳುತ್ತವೆ. ಹಳೆಯ ಕಾರಿಟ್ಟುಕೊಂಡವರು ಇವತ್ತೇ ಹೋಗಿ ಪೈಪು ಬದಲಿಸಬೇಕು. ಇಂಜಿನ್ ಬಿಸಿಯ ಪಕ್ಕದಲ್ಲಿ ಪೆಟ್ರೋಲ್ ಸೋರುವುದು ಸಣ್ಣ ವಿಷಯವಲ್ಲ.

ತಗಡಿನಷ್ಟೇ ಮುಖ್ಯವಾದದ್ದು ಕಾಗದ. 2021ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ, ಚಾಸಿ, ಬಾಡಿ, ಇಂಜಿನ್ ಬುಡಮೇಲಾಗಿ ಬದಲಾಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ, ಅವಧಿ 10 ವರ್ಷ. ಹೊಸದಾಗಿ ನೋಂದಣಿಯಾದವಕ್ಕೆ ರಾಜ್ಯದ ಅಕ್ಷರದ ಜೊತೆ ‘ವಿಎ’ ಸರಣಿಯ ಸಂಖ್ಯೆ ಸಿಗುತ್ತದೆ. ಮೊದಲೇ ನೋಂದಣಿಯಿದ್ದವು ತಮ್ಮ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರಗಳ ಫಲಕವಿರುವ ಮನೆಯವರಿಗೆ ಇದು ಎಷ್ಟು ದೊಡ್ಡ ಮಾತೆಂದು ಹೇಳಬೇಕಿಲ್ಲ. ಬದಲಿಗೆ ಒಂದು ಕಟ್ಟುಪಾಡಿದೆ: ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ದುರಸ್ತಿ ಇಷ್ಟಕ್ಕೇ ರಸ್ತೆಗಿಳಿಯಬೇಕು. ನಿತ್ಯ ಓಡಾಟಕ್ಕಿಲ್ಲ, ಬಾಡಿಗೆಗಿಲ್ಲ. ಓಡಾಡುತ್ತಲೇ ಇರಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗಬೇಕು. ಆ ಶುಲ್ಕವೂ 2022ರ ಏಪ್ರಿಲ್‌ನಲ್ಲಿ ಕಾರುಗಳಿಗೆ 5,000 ರೂಪಾಯಿಗೆ ಏರಿತ್ತು.

ನನ್ನ ಮಟ್ಟಿಗೆ ನಿಯಮ ಒಳ್ಳೆಯದೇ. ಸ್ಕ್ರ್ಯಾಪ್ ನೀತಿಯ ಭಯದಲ್ಲಿ ಗುಜರಿಗೆ ಹೋಗಬಹುದಾಗಿದ್ದ ಎಷ್ಟೋ ಕಾರುಗಳಿಗೆ ಇದು ಕಾನೂನಿನ ಆಸರೆ. ಆದರೆ ಇದಕ್ಕೆ ಆರ್‌ಸಿ ಪುಸ್ತಕ ಬೇಕು, ಚಾಸಿ ಸಂಖ್ಯೆ ಓದಲು ಸಿಗಬೇಕು. ತುಕ್ಕಿನ ಕಾರಿನ ಮೇಲೆ ಗ್ರೈಂಡರ್ ಇಡುವ ಮೊದಲು ಸಂಖ್ಯೆಯಿರುವ ಫಲಕವನ್ನು ಹುಡುಕಿ, ಫೋಟೊ ತೆಗೆದು, ಅದರ ಸುತ್ತಲಿನ ತಗಡನ್ನು ಮುಟ್ಟದೆ ಬಿಡಬೇಕು. ಮಾವ ಆರ್‌ಸಿ, ವಿಮೆ, ತೆರಿಗೆ ಚೀಟಿಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನ ಮಾಡಿದ್ದರು. ಕಾರನ್ನು ಉಳಿಸಿದವರಲ್ಲಿ ಮೊದಲ ಹೆಸರು ಅವರದ್ದೇ.

ಎಷ್ಟನ್ನು ಬದಲಿಸಬೇಕು, ಎಷ್ಟನ್ನು ಬಿಡಬೇಕು ಎಂಬ ಪ್ರಶ್ನೆ ಈ ಹವ್ಯಾಸದಲ್ಲಿ ಬೆನ್ನುಬಿಡದ್ದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಟುರಿನ್ ಸನ್ನದು ಎಂಬ ದಾಖಲೆಯನ್ನು ಒಪ್ಪಿಕೊಂಡಿದೆ. ಸ್ಮಾರಕಗಳ ಸಂರಕ್ಷಣೆಗೆಂದು 1964ರಲ್ಲಿ ಬಂದ ವೆನಿಸ್ ಸನ್ನದಿನ ದಾರಿಯಲ್ಲೇ ಅದೂ ನಡೆಯುತ್ತದೆ. ಉಳಿದಿರುವುದನ್ನು ಉಳಿಸುವುದೇ ಮೊದಲು, ಹೊಸದಾಗಿ ಮಾಡುವುದು ಅನಿವಾರ್ಯವಾದಾಗ, ಮಾಡಿದ್ದನ್ನೆಲ್ಲ ಬರೆದಿಡುವುದು ಕಡ್ಡಾಯ ಎಂಬುದು ಅದರ ನಿಲುವು. ಹಳೆಯ ಕಾರನ್ನು ಶೋರೂಮಿನಿಂದ ಬಂದದ್ದಕ್ಕಿಂತ ಹೆಚ್ಚು ಹೊಳೆಯಿಸುವ ಚಪಲ ನಮ್ಮಲ್ಲಿ ಹೆಚ್ಚು. ಡ್ಯಾಶ್‌ಬೋರ್ಡಿನ ಬಿರುಕು, ಸ್ಟಿಯರಿಂಗಿನಲ್ಲಿ ಕೈ ಹಿಡಿದೂ ಹಿಡಿದೂ ಸವೆದ ಜಾಗ ಮುಂತಾದವನ್ನು ಅಳಿಸಿದರೆ ಕಾರು ಯಾರದ್ದೂ ಅಲ್ಲದಂತಾಗುತ್ತದೆ. ನಾವು ಕೊಯ್ದದ್ದು ಸತ್ತ ತಗಡನ್ನು ಮಾತ್ರ. ಇಂಜಿನ್ ಕೋಣೆಯ ಹಿಂಗೋಡೆಯ ಮೂಲಬಣ್ಣ, ಡ್ಯಾಶ್‌ಬೋರ್ಡು, ಒಳಗಿನ ಹಿಡಿಕೆಗಳು ಇದ್ದ ಹಾಗೇ ಇವೆ. ವೈರಿಂಗ್ ಹೊಸದು, ಆದರೆ ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಂತೆ ಇದರಲ್ಲೂ ಬ್ಯಾಟರಿಯ ಪ್ಲಸ್ ತುದಿಯೇ ಚಾಸಿಗೆ ಸೇರುತ್ತದೆ. ಅದನ್ನು ಬದಲಿಸಲಿಲ್ಲ, ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿದ್ದೇವೆ.

ಬೆಂಗಳೂರಿನದೇ ಕಾರೊಂದನ್ನು ಇಲ್ಲಿ ನೆನೆಯದೆ ಹೋದರೆ ಅನ್ಯಾಯವಾದೀತು. ಸನ್‌ರೈಸ್ ಆಟೊ ಇಂಡಸ್ಟ್ರೀಸ್, ಮುಂದೆ ಸಿಪಾನಿ ಎಂದು ಹೆಸರಾದ ಇಲ್ಲಿನ ಕಂಪನಿ 1970ರ ದಶಕದಲ್ಲಿ ಬಾದಲ್ ಎಂಬ ಮೂರು ಚಕ್ರದ ಪುಟ್ಟ ಕಾರನ್ನೂ, 80ರ ದಶಕದಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಆಧರಿಸಿದ ಡಾಲ್ಫಿನ್ ಕಾರನ್ನೂ ಮಾಡಿತು. ಎರಡಕ್ಕೂ ಫೈಬರ್‌ಗ್ಲಾಸ್ ಬಾಡಿ. ತುಕ್ಕೇ ಹಿಡಿಯದ ಕಾರು ಎಂದು ಜನ ಕೊಂಡರು. ಬಾಡಿಗೆ ತುಕ್ಕು ಹಿಡಿಯಲಿಲ್ಲ ನಿಜ, ಕೆಳಗಿನ ಉಕ್ಕಿನ ಚಾಸಿಗೆ ಹಿಡಿಯಿತು. ಮಾರುತಿ ಬಂದ ಮೇಲೆ ಅವುಗಳ ಮಾರುಕಟ್ಟೆ ಕುಸಿಯಿತು. ಹಗುರವಾದ ಡಾಲ್ಫಿನ್ ರ್‍ಯಾಲಿ ಓಡಿಸುವವರ ಕೈಯಲ್ಲಿ ಮಾತ್ರ ಹೆಸರು ಮಾಡಿತು. ಈ ನಗರ ತಾನೇ ಹೆತ್ತ ಕಾರುಗಳಿಗೆ ಒಂದು ಕಾಯಂ ಜಾಗ ಬೇಕು. ಎಲ್ಲಾದರೂ ಬಾದಲ್ ಕಾರಿನ ಬಾಡಿ ಕಂಡರೆ ದಯವಿಟ್ಟು ಒಡೆಯಲು ಬಿಡಬೇಡಿ.

ನಮ್ಮ ಹೆರಾಲ್ಡ್ ಈಗ ತನ್ನ ಚಾಸಿಯ ಮೇಲೆ ಮತ್ತೆ ಕೂತಿದೆ. ಇಂಜಿನ್ ಓಡುತ್ತದೆ, ಬ್ರೇಕು ಹಿಡಿಯುತ್ತದೆ, ಅಂಗಳದಲ್ಲಿ ಹಿಂದೆ ಮುಂದೆ ಚಲಿಸುತ್ತದೆ. ಬಲಬಾಗಿಲು ಕೂತ ಮೇಲೆ ಸಂದಿ ಮೇಲಿಂದ ಕೆಳಗಿನವರೆಗೆ ಒಂದೇ ಅಳತೆಗೆ ಬಂದಿದೆ. ಎಡಬಾಗಿಲಿನ ಕೆಳಗಿನ ತಗಡು ಇನ್ನೂ ಆಗಬೇಕು, ಅದಾದ ಮೇಲೆ ಬಣ್ಣ. ಯಾವಾಗ ತರಲಿ ಎಂದು ಭಾಯ್‌ಗೆ ಫೋನು ಮಾಡಿದ್ದೆ.

‘ರಂಜಾನ್ ಮುಗೀಲಿ ಮೇಡಂ. ಹಬ್ಬ ಆದ ಮೇಲೆ ಬಾಗಿಲು ತನ್ನಿ, ರಟ್ಟಿನ ಅಳತೆ ಹೋದ್ಸಲದ್ದೇ ಐತೆ, ತಿರುಗಿಸಿ ಹಾಕಿದ್ರೆ ಆಯ್ತು.’